ಸಂಬಂಧ ಕೇಳುವ ಕಸುಬು: ಕನ್ಯಾನದ ಯುವ ಉದ್ಯಮಿಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡದ ಕನ್ಯಾನ, ಕರೋಪಾಡಿ, ಅಳಿಕೆ, ವಿಟ್ಲ ಹಾಗೂ ಗಡಿಯಾಚೆಯ ಬಾಯಾರು, ಪೈವಳಿಕೆ ಗ್ರಾಮಗಳಲ್ಲಿ ವಿವಾಹ ಪ್ರಸ್ತಾಪ ಏರ್ಪಡಿಸಿಕೊಡುವ ಉದ್ದಿಮೆಯನ್ನು ಆರಂಭಿಸಲು ಯೋಚಿಸುತ್ತಿರುವ ಯುವಕ ಯುವತಿಯರಿಗೆ,



ವಿವಾಹ ಪ್ರಸ್ತಾಪದ ಯೋಜನೆ ಎಂದು ಇತ್ತೀಚೆಗೆ ಕರೆಯಲ್ಪಡುವ ಸೇವೆಯು ಮದುವೆ ದಿನದ ಚಪ್ಪರ, ಅಡುಗೆ, ಅಲಂಕಾರಗಳ ಗುತ್ತಿಗೆಯಲ್ಲ. ಅದಕ್ಕೂ ಬಹಳ ಮುಂಚಿನ ಒಂದು ಗಳಿಗೆಯನ್ನು, ಅಂದರೆ ಒಬ್ಬರು ಇನ್ನೊಬ್ಬರನ್ನು ಮದುವೆಗೆ ಒಪ್ಪಿಗೆಯೇ ಎಂದು ಕೇಳುವ ಗಳಿಗೆಯನ್ನು, ಸ್ಥಳ, ಹೂವು, ದೀಪ, ಸಂಗೀತ, ಛಾಯಾಗ್ರಹಣಗಳೊಂದಿಗೆ ಸಜ್ಜುಗೊಳಿಸಿ ಅದಕ್ಕೆ ಶುಲ್ಕ ಪಡೆಯುವುದೇ ಅದರ ಸ್ವರೂಪ. ಬೆಂಗಳೂರು, ಮಂಗಳೂರುಗಳಲ್ಲಿ ಈಗಾಗಲೇ ಕಾಣಿಸಿಕೊಂಡಿರುವ ಈ ಕಸುಬು ವಿಟ್ಲದಾಚೆ ಕೇರಳದ ಗಡಿಗೆ ತಾಗಿದಂತಿರುವ ಕನ್ಯಾನದಂಥ ಊರಿನಲ್ಲಿ ನಡೆದೀತೇ ಎಂಬ ಪ್ರಶ್ನೆಯನ್ನು ಕೇವಲ ಬಂಡವಾಳ ಮತ್ತು ಗಿರಾಕಿಗಳ ಲೆಕ್ಕದಿಂದ ಬಿಡಿಸಲಾಗದು. ಮದುವೆಗೆ ಕೇಳುವುದು ಎಂಬ ಕ್ರಿಯೆ ಈ ಸೀಮೆಯಲ್ಲಿ ಯಾರು, ಯಾರನ್ನು, ಯಾರ ಮೂಲಕ, ಯಾವ ಜಾಗದಲ್ಲಿ ಕೇಳುತ್ತಾ ಬಂದಿದ್ದಾರೆ ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಮಂಡಿಯೂರಿ ಉಂಗುರ ತೋರಿಸಿ ಕೇಳುವ ಭಂಗಿ ಪಾಶ್ಚಾತ್ಯ ಸಮಾಜದಿಂದ ಬಂದದ್ದು. ಅದರೊಂದಿಗೆ ವಜ್ರದುಂಗುರ ಕಡ್ಡಾಯವೆಂಬಂತೆ ಸೇರಿಕೊಂಡದ್ದರಲ್ಲಿ ಡಿ ಬೀರ್ಸ್ ಎಂಬ ವಜ್ರದ ಕಂಪೆನಿ 1947ರಿಂದ ನಡೆಸಿದ, ವಜ್ರವು ಶಾಶ್ವತವೆಂದು ಸಾರುವ ಜಾಹೀರಾತಿನ ಪಾಲು ದೊಡ್ಡದು. ಇನ್ಸ್ಟಾಗ್ರಾಮ್ 2010ರಲ್ಲಿ ಆರಂಭವಾಗಿ ಖಾಸಗಿ ಗಳಿಗೆಗಳು ಸಾರ್ವಜನಿಕ ಚಿತ್ರಗಳಾಗತೊಡಗಿದ ಮೇಲಂತೂ, ಅಮೆರಿಕದ ನಗರಗಳಲ್ಲಿ ಆಗಷ್ಟೇ ಕಣ್ಣುಬಿಡುತ್ತಿದ್ದ ಈ ಕಸುಬಿಗೆ ವೇಗ ದೊರೆಯಿತು. ಅಲ್ಲಿನ ಪದ್ಧತಿಯ ಹಿಂದಿರುವ ನಂಬಿಕೆಯೆಂದರೆ, ಮದುವೆಯ ಪ್ರಶ್ನೆಯು ಇಬ್ಬರಿಗೆ ಮಾತ್ರ ಸೇರಿದ್ದು, ಉತ್ತರವನ್ನು ಆ ಕ್ಷಣದಲ್ಲಿಯೇ, ಆ ಜಾಗದಲ್ಲಿಯೇ ಕೊಡಬಹುದು ಎಂಬುದು. ಕನ್ಯಾನದ ಸುತ್ತಿನ ಯಾವ ಸಮುದಾಯದಲ್ಲಿಯೂ ಈ ನಂಬಿಕೆ ಇದುವರೆಗೆ ಪೂರ್ಣವಾಗಿ ಬೇರೂರಿಲ್ಲ.

ಕೇಳುವ ಕೆಲಸವನ್ನು ವರನು ತಾನೇ ಮಾಡದೆ ಇತರರಿಂದ ಮಾಡಿಸುವ ರೂಢಿ ಬಹು ಹಳೆಯದು. ಗೃಹ್ಯಸೂತ್ರಗಳು, ಅಂದರೆ ಮನೆಯಲ್ಲಿ ನಡೆಯಬೇಕಾದ ಸಂಸ್ಕಾರಗಳನ್ನು ವಿಧಿಸುವ ವೈದಿಕ ಗ್ರಂಥಗಳು, ವಿವಾಹ ಪ್ರಕರಣದಲ್ಲಿ ಈ ವಿಷಯವನ್ನು ನೇರವಾಗಿಯೇ ಹೇಳುತ್ತವೆ. ಆಪಸ್ತಂಬ ಗೃಹ್ಯಸೂತ್ರವು ಮಂತ್ರ ಬಲ್ಲ ಸ್ನೇಹಿತರನ್ನು ಒಟ್ಟುಗೂಡಿಸಿ ಕನ್ಯೆಯನ್ನು ಕೇಳಲು ಕಳುಹಿಸಬೇಕೆಂದು ವಿಧಿಸುತ್ತದೆ. ಇದಕ್ಕೆ ವರಪ್ರೇಷಣವೆಂದು ಹೆಸರು. ಇದರ ಬಳಿಕ ಎರಡೂ ಕಡೆಯವರು ಮಾತಿನಿಂದ ಬದ್ಧರಾಗುವ ಕ್ರಮಕ್ಕೆ ವಾಙ್ನಿಶ್ಚಯ ಅಥವಾ ವಾಗ್ದಾನವೆಂದು ಹೆಸರು. ಆದುದರಿಂದ ಪ್ರಸ್ತಾಪಕ್ಕೆ ಮೂರನೆಯವರ ನೆರವು ಪಡೆಯುವುದು ಈ ನೆಲಕ್ಕೆ ಹೊಸತೇನೂ ಅಲ್ಲ, ಹಾಗೆ ನೆರವಾಗುವವರು ಅಂಗಡಿ ತೆರೆದು ಫಲಕ ಹಾಕುವುದಷ್ಟೇ ಹೊಸತು.

ವಿಟ್ಲ ಸೀಮೆಯ ಹವ್ಯಕ ಬ್ರಾಹ್ಮಣರಲ್ಲಿ ಕೂಸು ನೋಡುವುದು, ಅಂದರೆ ಹುಡುಗಿಯನ್ನು ನೋಡಲು ಹೋಗುವುದು, ಜಾತಕಗಳು ಹೊಂದಿದ ಮೇಲಿನ ಮಾತು. ಎಲ್ಲವೂ ಕೂಡಿಬಂದರೆ ನಡೆಯುವ ನಿಶ್ಚಯವನ್ನು ಬದ್ಧವೆಂದು ಕರೆಯುತ್ತಾರೆ. ತುಳು ಮಾತಾಡುವ ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಮೊದಲು ವಿಚಾರಿಸುವುದು ಬರಿಯನ್ನು, ಎಂದರೆ ತಾಯಿಯ ಕಡೆಯಿಂದ ಬರುವ ವಂಶದ ಗುಂಪನ್ನು. ಒಂದೇ ಬರಿಯವರು ಒಡಹುಟ್ಟಿದವರಿಗೆ ಸಮಾನರೆಂದು ಎಣಿಸಲ್ಪಡುವುದರಿಂದ ಅವರ ನಡುವೆ ಮದುವೆ ನಿಷಿದ್ಧ. ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನ ಕಟ್ಟಿನ ಕಾನೂನುಬಲ ಕಳೆದುಹೋಗಿ ದಶಕಗಳು ಸಂದಿದ್ದರೂ, ತಮ್ಮಲೆಯ, ಅಂದರೆ ಸೋದರಮಾವನ, ಮಾತಿಗೆ ಚಾವಡಿಯಲ್ಲಿ ಇಂದಿಗೂ ತೂಕವಿದೆ. ನಿಶ್ಚಯದ ದಿನ ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆಯಿಟ್ಟು ಬದಲಾಯಿಸಿಕೊಳ್ಳುವವರು ವಧೂವರರಲ್ಲ, ಎರಡು ಮನೆಗಳ ಗುರುಹಿರಿಯರು. ಕೊಂಕಣಿ ಕೆಥೊಲಿಕರಲ್ಲಿ ಸಂಬಂಧದ ಮಾತುಕತೆಗೆ ಸಾಯ್ರಿಕ್ ಎಂದೂ ಅದನ್ನು ಕುದುರಿಸುವವನಿಗೆ ರಾಯ್ಬಾರಿ ಎಂದೂ ಹೆಸರು. ಮದುವೆಗೆ ಮುನ್ನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮೂರು ಭಾನುವಾರ ವಧೂವರರ ಹೆಸರು ಓದಿ ಹೇಳಿ, ಆಕ್ಷೇಪವಿದ್ದವರು ತಿಳಿಸಲು ಅವಕಾಶ ಕೊಡುವುದು ರೂಢಿ. ಕರಾವಳಿಯ ಮುಸ್ಲಿಮರ ನಿಕಾಹ್ ಮೂಲತಃ ಒಂದು ಕರಾರಾದ್ದರಿಂದ ಅಲ್ಲಿ ಈಜಾಬ್ ಎಂಬ ಪ್ರಸ್ತಾಪವೂ ಕಬೂಲ್ ಎಂಬ ಸ್ವೀಕಾರವೂ ಸಾಕ್ಷಿಗಳ ಎದುರಿನಲ್ಲಿ ಮದುವೆಯ ಹೊತ್ತಿನಲ್ಲಿಯೇ ನಡೆಯುತ್ತವೆ. ಇಲ್ಲಿ ಪ್ರಚಲಿತವಿರುವ ಶಾಫಿ ಪಂಥದಲ್ಲಿ ವಧುವಿನ ಪರವಾಗಿ ಮಾತನಾಡುವವನು ವಲಿ, ಅಂದರೆ ಆಕೆಯ ತಂದೆ ಅಥವಾ ಪೋಷಕ. ತುಳು, ಕನ್ನಡ, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳು ಒಂದೇ ಪೇಟೆಯಲ್ಲಿ ಕೇಳಿಸುವ ಕನ್ಯಾನದಲ್ಲಿ ಉದ್ದಿಮೆ ನಡೆಸುವವರು ಈ ಎಲ್ಲ ಪದ್ಧತಿಗಳ ವ್ಯಾಕರಣವನ್ನು ಬಲ್ಲವರಾಗಿರಬೇಕು. ಒಂದು ಸಮುದಾಯಕ್ಕೆ ಮರ್ಯಾದೆಯಾಗಿರುವುದು ಇನ್ನೊಂದಕ್ಕೆ ಅಧಿಕಪ್ರಸಂಗವಾಗಿ ಕಂಡೀತು.

ಇನ್ನು ಈ ಕೇಳುವಿಕೆಯು ನಡೆಯುವ ರೀತಿಯನ್ನು ಹತ್ತಿರದಿಂದ ಗಮನಿಸಬೇಕು. ಅಡಿಕೆ ತೋಟದ ನಡುವಿನ ಮನೆಯ ಅಂಗಳದಲ್ಲಿ ಜೀಪೋ ಕಾರೋ ನಿಂತು, ಬಂದವರು ಕಾಲು ತೊಳೆದು ಜಗಲಿಯೇರಿದ ಕೂಡಲೇ ಅವರ ಮುಂದೆ ಬರುವುದು ಬೆಲ್ಲ ಮತ್ತು ನೀರು. ಮಾತು ಮಳೆಯಿಂದ ಆರಂಭವಾಗಿ, ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣಕ್ಕೂ, ಹಳೆ ಅಡಿಕೆಗೂ ಹೊಸ ಅಡಿಕೆಗೂ ಇರುವ ಧಾರಣೆಯ ಅಂತರಕ್ಕೂ ಹೊರಳಿ, ಸಜ್ಜಿಗೆ ಅವಲಕ್ಕಿಯ ತಟ್ಟೆ ಬರಿದಾಗುವವರೆಗೂ ಬಂದ ಕಾರಣವನ್ನು ಯಾರೂ ಎತ್ತುವುದಿಲ್ಲ. ಹುಡುಗಿ ಕಾಫಿಯ ತಟ್ಟೆ ಹಿಡಿದು ಬರುವುದು, ಒಂದೆರಡು ಪ್ರಶ್ನೆ, ಬಳಿಕ ಹುಡುಗ ಹುಡುಗಿ ತೋಟದ ಬದಿಯಲ್ಲಿ ಹತ್ತು ನಿಮಿಷ ಮಾತಾಡಲಿ ಎಂಬ ಈಚಿನ ಉದಾರತೆ, ಇಷ್ಟಾದ ಮೇಲೆ ಬಂದವರು ಏಳುತ್ತಾರೆ. ಉತ್ತರವನ್ನು ಆ ದಿನ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಅದು ಕೆಲವು ದಿನಗಳ ನಂತರ ಮಧ್ಯಸ್ಥನ ಮೂಲಕ ತಲಪುತ್ತದೆ. ಮಧ್ಯಸ್ಥನೆಂದರೆ ಎರಡೂ ಮನೆಗಳನ್ನು ಬಲ್ಲ ಬಂಧು, ಪುರೋಹಿತ, ಸಮುದಾಯದ ಮುಖಂಡನಾದ ಗುರಿಕಾರ ಅಥವಾ ದಲ್ಲಾಳಿ.

ಈ ಪದ್ಧತಿಯ ಅತ್ಯಂತ ಜಾಣ ಅಂಶ ಅಡಗಿರುವುದು ನಿರಾಕರಣೆಯ ವಿಧಾನದಲ್ಲಿ. ಜಾತಕ ಹೊಂದಿಸುವಾಗ ನಕ್ಷತ್ರ, ಗಣ, ಯೋನಿ, ರಜ್ಜು ಮೊದಲಾದ ಹತ್ತು ಬಗೆಯ ಹೊಂದಾಣಿಕೆಗಳನ್ನು ನೋಡುವ ದಶಕೂಟವೆಂಬ ಲೆಕ್ಕವಿದೆ. ಕುಜದೋಷವೆಂಬ ಇನ್ನೊಂದು ಅಡ್ಡಿಯೂ ಇದೆ. ಹುಡುಗಿಗೆ ಹುಡುಗ ಹಿಡಿಸಲಿಲ್ಲ, ಅಥವಾ ಹುಡುಗನ ಮನೆಯವರಿಗೆ ಹುಡುಗಿಯ ತಂದೆಯ ಸಾಲದ ಸುದ್ದಿ ಕಿವಿಗೆ ಬಿದ್ದಿದೆ ಎಂದಿಟ್ಟುಕೊಂಡರೆ, ಹೋಗುವ ಸಂದೇಶ ಒಂದೇ: ಜಾತಕ ಕೂಡಿಬರಲಿಲ್ಲ. ಕೇಳಿದವರಿಗೂ ಇದರ ಅರ್ಥ ತಿಳಿದಿರುತ್ತದೆ, ಹೇಳಿದವರಿಗೂ ಅವರು ತಿಳಿದಿದ್ದಾರೆಂಬುದು ತಿಳಿದಿರುತ್ತದೆ. ಆದರೂ ಗ್ರಹಗಳ ಮೇಲೆ ಹೊಣೆ ಹೊರಿಸಿದ್ದರಿಂದ ಎರಡೂ ಮನೆಯವರು ಮುಂದಿನ ಜಾತ್ರೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಮಾತಾಡಬಹುದು. ಜ್ಯೋತಿಷದಲ್ಲಿ ನಂಬಿಕೆಯಿಲ್ಲದವರೂ ಅದರ ಈ ಸಾಮಾಜಿಕ ಉಪಕಾರವನ್ನು ಒಪ್ಪಬೇಕಾಗುತ್ತದೆ. ಮಧ್ಯಸ್ಥನ ಕಸುಬಿನ ತಿರುಳೂ ಇದುವೇ. ಹೌದು ಎಂಬುದನ್ನು ಯಾರು ಬೇಕಾದರೂ ತಲಪಿಸಬಲ್ಲರು, ಬೇಡ ಎಂಬುದನ್ನು ನೋಯಿಸದೆ ತಲಪಿಸಲು ಮಾತ್ರ ಪರಿಣತಿ ಬೇಕು.

ಈ ಮಾನದಂಡದಿಂದ ಅಳೆದರೆ, ಮಾಲಿನ ಅಂಗಳದಲ್ಲಿಯೋ ಕಡಲತೀರದಲ್ಲಿಯೋ ಜನ ನೆರೆದಿರುವಾಗ, ಮುನ್ಸೂಚನೆಯಿಲ್ಲದೆ ಯುವತಿಯ ಮುಂದೆ ಮಂಡಿಯೂರಿ, ಸುತ್ತ ನಿಂತ ಗೆಳೆಯರು ಮೊಬೈಲ್ ಎತ್ತಿ ಹಿಡಿದಿರುವಂತೆ ಉತ್ತರ ಕೇಳುವ ಪದ್ಧತಿಯು ಚಾವಡಿಯ ಪದ್ಧತಿಗಿಂತ ಹಿಂದುಳಿದದ್ದು ಎನ್ನಬೇಕಾಗುತ್ತದೆ. ನೋಡಲು ಅದು ಆಧುನಿಕವಾಗಿ ಕಂಡರೂ, ಅದರಲ್ಲಿ ಬೇಡವೆನ್ನಲು ಬೇಕಾದ ಏಕಾಂತವಿಲ್ಲ, ಯೋಚಿಸಲು ಬೇಕಾದ ದಿನಗಳಿಲ್ಲ, ಹೊಣೆ ಹೊರಲು ಗ್ರಹವಾಗಲಿ ಮಧ್ಯಸ್ಥನಾಗಲಿ ಇಲ್ಲ. ಚಪ್ಪಾಳೆಯ ನಡುವೆ ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ಎಣಿಸುವುದು ನ್ಯಾಯವಲ್ಲ. ಇಂಥ ಪ್ರದರ್ಶನವನ್ನು ಮಾರಾಟಕ್ಕಿಡುವ ಉದ್ದಿಮೆಯು ಮಂಗಳೂರಿನಲ್ಲಿ ಲಾಭ ಮಾಡಿಕೊಂಡರೂ ಕನ್ಯಾನದಲ್ಲಿ ಎರಡನೆಯ ವರ್ಷ ಕಾಣಲಾರದು, ಕಾಣಲೂಬಾರದು. ಒಂದು ನಿರಾಕರಣೆಯ ವಿಡಿಯೊ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದರೆ, ಅದರ ಪೆಟ್ಟು ಬೀಳುವುದು ಯೋಜಕರ ಮೇಲಲ್ಲ, ಆ ಯುವತಿಯ ಮತ್ತು ಆಕೆಯ ಮನೆಯವರ ಮೇಲೆ.

ಹಾಗಾದರೆ ಈ ಊರಿನಲ್ಲಿ ಪ್ರಸ್ತಾಪದ ಯೋಜನೆಗೆ ಬೇಡಿಕೆಯೇ ಇಲ್ಲವೆಂದಲ್ಲ. ಬೇಡಿಕೆ ಇರುವ ಜಾಗ ಬೇರೆ. ಬೆಂಗಳೂರಿನ ಕಂಪೆನಿಯಲ್ಲಿಯೋ ಕೊಲ್ಲಿಯ ದೇಶದಲ್ಲಿಯೋ ದುಡಿಯುವ ಇಲ್ಲಿನ ಯುವಜನರಲ್ಲಿ ಅನೇಕರು ತಮ್ಮೊಳಗೆ ಪ್ರಶ್ನೋತ್ತರವನ್ನು ಎಂದೋ ಮುಗಿಸಿಕೊಂಡಿರುತ್ತಾರೆ. ಅವರಿಗೆ ಮಂಡಿಯೂರುವ ವೇದಿಕೆ ಬೇಕಿಲ್ಲ, ಮನೆಯಲ್ಲಿ ಬಾಯಿ ಬಿಡುವ ದಾರಿ ಬೇಕು. ಮಗಳು ಒಬ್ಬನನ್ನು ಮೆಚ್ಚಿರುವುದನ್ನು ತಂದೆಗೆ ಯಾರು ಹೇಳಬೇಕು, ತಾಯಿಗೆ ಮೊದಲೋ ಸೋದರಮಾವನಿಗೆ ಮೊದಲೋ, ಹುಡುಗನ ಮನೆಯವರು ತಾವಾಗಿ ಬರಬೇಕೋ ಕರೆಸಬೇಕೋ, ಜಾತಿ ಒಂದೇ ಆಗಿದ್ದು ಬರಿಯೂ ಒಂದೇ ಆಗಿಬಿಟ್ಟರೆ ಏನು ಗತಿ, ಉದ್ಯೋಗವಿರುವ ಹುಡುಗಿ ತೋಟದ ಮನೆಗೆ ಬರಲು ಒಪ್ಪಿದ್ದರೂ ಅತ್ತೆಯಾಗುವವರು ಹಾಕಬಹುದಾದ ಷರತ್ತುಗಳನ್ನು ಮುಂಚಿತವಾಗಿ ಮಾತಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳು ಹೂವಿನ ಕಮಾನಿಗಿಂತ ಕಷ್ಟದವು. ಹಿಂದೆ ಇವುಗಳನ್ನು ಚಿಕ್ಕಮ್ಮನೊಬ್ಬಳೋ ಮಾವನೊಬ್ಬನೋ ನಿಭಾಯಿಸುತ್ತಿದ್ದರು. ಅವಿಭಕ್ತ ಕುಟುಂಬ ಒಡೆದು, ಬಂಧುಗಳು ಊರೂರು ಚದುರಿದ ಮೇಲೆ ಆ ಸ್ಥಾನ ತೆರವಾಗಿದೆ. ಉದ್ದಿಮೆಯು ತುಂಬಬೇಕಾದ ತೆರವು ಇದೇ.

ಪ್ರಸಂಗವಶಾತ್ ಹೇಳಬೇಕಾದ ಮಾತೊಂದಿದೆ. ಕೇಳುವವನು ಯಾವಾಗಲೂ ಗಂಡು, ಕೇಳಿಸಿಕೊಳ್ಳುವವಳು ಹೆಣ್ಣು ಎಂಬುದು ಈ ಸೀಮೆಯ ಪ್ರೇಕ್ಷಕರಿಗೆ ಒಪ್ಪುವ ಮಾತಾಗಬಾರದು. ಯಕ್ಷಗಾನ ಬಯಲಾಟದಲ್ಲಿ ರುಕ್ಮಿಣಿ ಕಲ್ಯಾಣವನ್ನು ರಾತ್ರಿಯಿಡೀ ಕುಳಿತು ನೋಡಿದವರಿಗೆ, ತನ್ನನ್ನು ಶಿಶುಪಾಲನಿಗೆ ಕೊಡಲು ಅಣ್ಣ ನಿಶ್ಚಯಿಸಿದ್ದಾಗ ಬ್ರಾಹ್ಮಣನೊಬ್ಬನ ಕೈಯಲ್ಲಿ ಕೃಷ್ಣನಿಗೆ ತಾನೇ ಸಂದೇಶ ಕಳುಹಿಸಿದವಳು ರುಕ್ಮಿಣಿ ಎಂಬುದು ತಿಳಿದೇ ಇದೆ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಎಂಬ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾದ ಕೃತಿ 1899ರಲ್ಲಿ ಮಂಗಳೂರಿನಿಂದ ಹೊರಬಂದಾಗಲೇ, ವಿಧವೆಯೊಬ್ಬಳ ಮರುಮದುವೆಯ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತ್ತು. ಸಂಬಂಧ ಕೇಳಿಕೊಂಡು ಬರುವ ಯುವತಿಯರಿಗೂ, ಮರುಮದುವೆಯಾಗಬಯಸುವ ವಿಧವೆಯರಿಗೂ ವಿಚ್ಛೇದಿತರಿಗೂ ಬಾಗಿಲು ತೆರೆದಿರದ ಸಂಸ್ಥೆಯು ಹಳೆಯ ದಲ್ಲಾಳಿಯ ಚೀಲವನ್ನೇ ಕಂಪ್ಯೂಟರಿಗೆ ತುಂಬಿದಂತಾಗುತ್ತದೆ.

ಕೃಷಿಕ ಯುವಕರ ವಿಷಯವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು, ಏಕೆಂದರೆ ಉದ್ದಿಮೆಯ ಬಾಗಿಲನ್ನು ಮೊದಲು ತಟ್ಟುವವರು ಬಹುಶಃ ಅವರ ತಂದೆತಾಯಿಯರೇ. ತೋಟ ನೋಡಿಕೊಂಡು ಮನೆಯಲ್ಲಿ ಉಳಿದ ಮಗನಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಕೊರಗು ಈ ಜಿಲ್ಲೆಗಷ್ಟೇ ಸೇರಿದ್ದಲ್ಲ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧೂವರರ ಸಮಾವೇಶಕ್ಕೆ ಸಾವಿರಾರು ಯುವಕರು ಬಂದು, ಯುವತಿಯರ ಸಂಖ್ಯೆ ಕೆಲವು ನೂರನ್ನು ದಾಟದೆ ಹೋದದ್ದು ರಾಜ್ಯದಾದ್ಯಂತ ಸುದ್ದಿಯಾಯಿತು; ಮರುವರ್ಷದ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ದೊರಕಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಹೆಣ್ಣುಗಳೇ ಕಡಿಮೆಯಾಗಿದ್ದಾರೆ ಎಂಬ ವಿವರಣೆ ದಕ್ಷಿಣ ಕನ್ನಡದ ಮಟ್ಟಿಗೆ ನಿಲ್ಲುವುದಿಲ್ಲ. 2011ರ ಜನಗಣತಿಯಂತೆ ಇಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರಿದ್ದರು. ಕಡಿಮೆಯಾಗಿರುವುದು ಹೆಣ್ಣುಗಳ ಸಂಖ್ಯೆಯಲ್ಲ, ಓದಿ ಉದ್ಯೋಗ ಹಿಡಿದ ಹೆಣ್ಣು ತೋಟದ ಮನೆಗೆ ಬರಲು ಇರುವ ಕಾರಣಗಳು. ಸೊಸೆಗೆ ಸ್ವಂತ ಬ್ಯಾಂಕ್ ಖಾತೆ, ತೋಟದ ಆದಾಯದಲ್ಲಿ ಪಾಲು, ಮನೆಯಿಂದಲೇ ಕೆಲಸ ಮಾಡಲು ಇಂಟರ್ನೆಟ್, ವಾಹನ ಓಡಿಸುವ ಸ್ವಾತಂತ್ರ್ಯ, ಇವುಗಳ ಬಗ್ಗೆ ಹುಡುಗನ ಮನೆಯವರನ್ನು ಮೊದಲು ಕೂರಿಸಿ ಮಾತಾಡಿಸುವ ಯೋಜಕನು ನೂರು ಜಾತಕ ಹಂಚುವವನಿಗಿಂತ ಹೆಚ್ಚು ಉಪಯೋಗಿ. ಇದನ್ನು ಮಾಡದೆ, ದೂರದ ಜಿಲ್ಲೆಗಳಿಂದಲೋ ಹೊರರಾಜ್ಯಗಳಿಂದಲೋ ಹುಡುಗಿಯರನ್ನು ತರಿಸಿಕೊಡುವುದಾಗಿ ಮುಂಗಡ ಹಣ ಪಡೆಯುವ ದಂಧೆಗೆ ಇಳಿದರೆ, ಒಂದು ಕಡೆ ಮೋಸಹೋದ ಕೃಷಿಕ, ಇನ್ನೊಂದು ಕಡೆ ಭಾಷೆಯೂ ತಿಳಿಯದ ಮನೆಯಲ್ಲಿ ಸಿಕ್ಕಿಬಿದ್ದ ಹುಡುಗಿ, ಇಬ್ಬರ ಪಾಪವೂ ಯೋಜಕನ ಲೆಕ್ಕಕ್ಕೆ ಸೇರುತ್ತದೆ.

ಕಾನೂನಿನ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಬಹುದಾದರೂ ಕಡೆಗಣಿಸುವಂತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯು ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಮಾತ್ರವಲ್ಲದೆ ಅದಕ್ಕೆ ಕುಮ್ಮಕ್ಕು ಕೊಡುವವರನ್ನೂ ಶಿಕ್ಷಿಸುವುದರಿಂದ, ಬಂಗಾರದ ಪವನುಗಳ ಚೌಕಾಸಿಗೆ ಮಧ್ಯಸ್ಥಿಕೆ ವಹಿಸುವವರು ಅಪರಾಧದಲ್ಲಿ ಪಾಲುದಾರರಾಗುತ್ತಾರೆ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರುವುದನ್ನು ದಾಖಲೆಯಿಂದಲೇ ಖಚಿತಪಡಿಸಿಕೊಳ್ಳಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಆ ವಯಸ್ಸು ತುಂಬದವರ ಮದುವೆಯನ್ನು ನಡೆಸಿದವರಿಗೂ ಪ್ರೋತ್ಸಾಹಿಸಿದವರಿಗೂ ಎರಡು ವರ್ಷದವರೆಗೆ ಸಜೆ ವಿಧಿಸುತ್ತದೆ. ವೈವಾಹಿಕ ಜಾಲತಾಣಗಳಿಗಾಗಿ ಕೇಂದ್ರ ಸರಕಾರವು 2016ರ ಜೂನಿನಲ್ಲಿ ಹೊರಡಿಸಿದ ಸಲಹಾ ಮಾರ್ಗಸೂಚಿಯು ಬಳಕೆದಾರರ ಗುರುತನ್ನು ಪರಿಶೀಲಿಸಬೇಕೆಂದೂ ಅವರ ಉದ್ದೇಶ ಮದುವೆಯೇ ಎಂಬುದನ್ನು ದೃಢಪಡಿಸಿಕೊಳ್ಳಬೇಕೆಂದೂ ಹೇಳುತ್ತದೆ. ಕಾಗದದ ಫೈಲಿನಲ್ಲಿಯೇ ವ್ಯವಹಾರ ನಡೆಸುವ ಹಳ್ಳಿಯ ಸಂಸ್ಥೆಯೂ ಇದನ್ನು ತನಗೆ ಅನ್ವಯಿಸಿಕೊಂಡರೆ ನಷ್ಟವೇನಿಲ್ಲ.

ಸುರಕ್ಷತೆಯ ಪ್ರಶ್ನೆಯನ್ನು ಈ ಜಿಲ್ಲೆಯಲ್ಲಿ ಪಿಸುಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ, 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಜನರ ಮೇಲೆ ನಡೆದ ದಾಳಿಗಳು ದೇಶದ ಗಮನಕ್ಕೆ ಬಂದವು. ಹುಡುಗ ಹುಡುಗಿ ಒಟ್ಟಿಗೆ ಕಂಡರೆ ಅವರ ಹೆಸರು ಕೇಳುವ, ಹೆಸರಿನಿಂದ ಧರ್ಮ ಅಳೆಯುವ ಗುಂಪುಗಳು ಅನಂತರವೂ ಇಲ್ಲವಾಗಿಲ್ಲ. ವಯಸ್ಕರಿಬ್ಬರು ಪರಸ್ಪರ ಆರಿಸಿಕೊಂಡಾಗ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ತೀರ್ಪಿತ್ತು, ಇಂಥವರ ರಕ್ಷಣೆಗೆ ಜಿಲ್ಲೆಗಳಲ್ಲಿ ವಿಶೇಷ ಘಟಕಗಳಿರಬೇಕೆಂದೂ ನಿರ್ದೇಶಿಸಿದೆ. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾಗುವುದಾದರೆ 30 ದಿನಗಳ ಸಾರ್ವಜನಿಕ ನೋಟೀಸಿನ ಅವಧಿಯನ್ನು ದಾಟಬೇಕು. ಅಪಾಯ ಹೆಚ್ಚಾಗಿರುವುದು ಆ ತಿಂಗಳಿನಲ್ಲಿಯೇ. ಇಂಥ ಜೋಡಿಯೊಂದು ಬಂದರೆ ಯೋಜಕರು ಕೊಡಬೇಕಾದ ಮೊದಲ ಸೇವೆ ವಕೀಲರ ಮತ್ತು ಪೊಲೀಸರ ಸಂಪರ್ಕ. ಛಾಯಾಗ್ರಾಹಕನನ್ನು ಅಲ್ಲಿ ದೂರವಿಡುವುದೇ ಲೇಸು. ಯಾವ ಜೋಡಿಯ ಚಿತ್ರವನ್ನೂ ಇಬ್ಬರ ಲಿಖಿತ ಅನುಮತಿಯಿಲ್ಲದೆ ಜಾಹೀರಾತಿಗೆ ಬಳಸಬಾರದು. ಮದುವೆ ಮುರಿದುಬಿದ್ದರೆ ಅನುಮತಿಯೂ ರದ್ದಾಗುವಂತಿರಬೇಕು.

ಶುಲ್ಕದ ಸ್ವರೂಪವೇ ಉದ್ದಿಮೆಯ ನೀತಿಯನ್ನು ನಿರ್ಧರಿಸುತ್ತದೆ ಎಂಬುದು ಈ ಪತ್ರದ ಮುಖ್ಯ ವಾದ. ಸಾಂಪ್ರದಾಯಿಕ ದಲ್ಲಾಳಿಗೆ ದೊರೆಯುತ್ತಿದ್ದದ್ದು ಮದುವೆ ನಡೆದ ಮೇಲಿನ ಸಂಭಾವನೆ, ಎರಡೂ ಕಡೆಯಿಂದ ನಗದು, ಜೊತೆಗೊಂದು ಧೋತಿ ಶಾಲು. ಮದುವೆ ಆಗದಿದ್ದರೆ ಬಸ್ಸಿನ ಖರ್ಚೂ ಗಿಟ್ಟದು. ಆದುದರಿಂದಲೇ ಹುಡುಗನ ಕುಡಿತ, ಹುಡುಗಿಯ ಅನಾರೋಗ್ಯ, ಹಿಂದಿನ ಒಂದು ನಿಶ್ಚಿತಾರ್ಥ ಮುರಿದದ್ದು, ಬ್ಯಾಂಕಿನಲ್ಲಿ ಅಡವಿರುವ ತೋಟ, ಇವುಗಳನ್ನು ಮರೆಮಾಚಲು ಅವನಿಗೆ ಕಾರಣವಿತ್ತು. ದಲ್ಲಾಳಿಯ ಮಾತು ಎಂಬುದು ಅತಿಶಯೋಕ್ತಿಗೆ ಹೆಸರಾದದ್ದು ಅವನ ಸ್ವಭಾವದಿಂದಲ್ಲ, ಸಂಭಾವನೆಯ ಕ್ರಮದಿಂದ. ಪಾಶ್ಚಾತ್ಯ ಮಾದರಿಯ ಪ್ರಸ್ತಾಪ ಯೋಜಕನ ಸ್ಥಿತಿಯೂ ಬೇರೆಯಲ್ಲ, ಅವನ ಹೊಸ ಗಿರಾಕಿಗಳು ಬರುವುದು ಹಳೆಯ ಗಿರಾಕಿಗಳ ಆನಂದಬಾಷ್ಪದ ಚಿತ್ರಗಳನ್ನು ನೋಡಿ. ಆದ್ದರಿಂದ ಅವನಿಗೂ ಬೇಕಾದ ಉತ್ತರ ಒಂದೇ. ಕನ್ಯಾನದ ಉದ್ದಿಮೆಯು ಈ ಎರಡನ್ನೂ ಬಿಟ್ಟು, ವಕೀಲರಂತೆ, ವಹಿಸಿದ ಶ್ರಮಕ್ಕೂ ಸಮಯಕ್ಕೂ ಶುಲ್ಕ ಪಡೆಯಬೇಕು. ಎರಡು ಮನೆಗಳ ಜೊತೆ ಮಾತುಕತೆ, ದಾಖಲೆ ಪರಿಶೀಲನೆ, ಭೇಟಿಯ ವ್ಯವಸ್ಥೆ, ಉತ್ತರ ತಲಪಿಸುವುದು, ಇಷ್ಟಕ್ಕೆ ನಿಗದಿತ ಮೊತ್ತ; ಉತ್ತರ ಯಾವುದಾದರೂ ಮೊತ್ತ ಬದಲಾಗದು. ಹೀಗಾದಾಗ ಮಾತ್ರ ಯೋಜಕನು ಎರಡೂ ಕಡೆಯವರಿಗೆ ನಿಜ ಹೇಳಬಲ್ಲ.

ಕಾಲಮಾನವನ್ನೂ ಗಮನಿಸಬೇಕು. ತುಳುವರ ಆಟಿ ತಿಂಗಳಿನಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯಗಳಿಲ್ಲ. ಮದುವೆಗಳು ಗುಂಪಾಗಿ ಬೀಳುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕೊಲ್ಲಿಯಿಂದ ರಜೆಯಲ್ಲಿ ಬರುವವರಿಗೆ ಹೆಣ್ಣು ನೋಡಿ, ನಿಶ್ಚಯಿಸಿ, ಮದುವೆಯಾಗಿ ಮರಳಲು ಸಿಗುವುದು ಕೆಲವೇ ವಾರಗಳಾದ್ದರಿಂದ, ಅವರ ಪರವಾದ ವಿಚಾರಣೆಗಳನ್ನು ಮಳೆಗಾಲದಲ್ಲಿಯೇ ಮುಗಿಸಿಡುವ ಸಂಸ್ಥೆಗೆ ವರ್ಷವಿಡೀ ಕೆಲಸವಿರುತ್ತದೆ. ಒಪ್ಪಿಗೆ ಮೊದಲೇ ಖಚಿತವಾಗಿರುವ ಜೋಡಿಗಳಿಗೆ ಸಣ್ಣದೊಂದು ಸಂಭ್ರಮ ಬೇಕೆನಿಸಿದರೆ ಅದಕ್ಕೂ ಅಡ್ಡಿಯಿಲ್ಲ. ಶಂಕರಪುರ ಮಲ್ಲಿಗೆಯ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಯಾವ ಆಮದು ಗುಲಾಬಿಗಿಂತಲೂ ಈ ನೆಲಕ್ಕೆ ಒಪ್ಪುತ್ತದೆ. ಆದರೆ ಅದರ ದರ ದಿನದಿನಕ್ಕೆ ಬದಲಾಗುವುದರಿಂದ ಮದುವೆಯ ತಿಂಗಳುಗಳಲ್ಲಿ ಮೊದಲೇ ದರ ಹೇಳಿ ಕೈಸುಟ್ಟುಕೊಳ್ಳಬಾರದು. ಜಾಗದ ವಿಷಯಕ್ಕೆ ಬಂದರೆ, ಬಾಯಾರಿನ ಬಳಿಯ ಪೊಸಡಿಗುಂಪೆಯ ಹುಲ್ಲುಗುಡ್ಡ ಹತ್ತಿರದಲ್ಲಿಯೇ ಇದೆ. ಬೇಕಲ ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವುದರಿಂದಲೂ, ಬೆಳ್ತಂಗಡಿಯ ಗಡಾಯಿಕಲ್ಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದಲೂ ಅಲ್ಲಿ ಅನುಮತಿಯಿಲ್ಲದೆ ಅಲಂಕಾರ ಮಾಡುವಂತಿಲ್ಲ. ಮೂಡುಬಿದಿರೆಯ ಬಸದಿಗಳು ಆರಾಧನೆಯ ಸ್ಥಳಗಳು, ಅವುಗಳನ್ನು ಹಿನ್ನೆಲೆಯ ಪರದೆಯಾಗಿ ಕಾಣುವುದು ಔಚಿತ್ಯವಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧವೆಂಬುದು ಬಯಲಾಟದವರಿಗೂ ಅನ್ವಯಿಸುವ ನಿಯಮ, ಪ್ರೇಮಿಗಳಿಗೆ ವಿನಾಯಿತಿಯಿಲ್ಲ.

ಬಂಡವಾಳದ ಚಿಂತೆ ಹೆಚ್ಚು ಬೇಕಿಲ್ಲ, ಏಕೆಂದರೆ ಇಲ್ಲಿ ಹೇಳಿದ ಬಗೆಯ ಉದ್ದಿಮೆಗೆ ಬೇಕಾದದ್ದು ಒಂದು ಕೋಣೆ, ಬೀಗವಿರುವ ಕಪಾಟು, ದೂರವಾಣಿ ಮತ್ತು ಎರಡು ಮೂರು ಭಾಷೆ ಬಲ್ಲ ಜನ. ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ದೊರೆಯುತ್ತದೆ; ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ; ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಹಂಗಿಲ್ಲ. ಸ್ವಉದ್ಯೋಗದ ತರಬೇತಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹತ್ತಿರದಲ್ಲಿಯೇ ಇದೆ, ಲೆಕ್ಕಪತ್ರ ಇಡುವ ಕ್ರಮವನ್ನು ಅಲ್ಲಿ ಕಲಿಯಬಹುದು. ಮದುವೆಯೆಂದರೆ ಸಾಲವೆಂಬ ಭಯ ಹೊತ್ತು ಬರುವ ಬಡ ಕುಟುಂಬಗಳಿಗೆ, ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಉಚಿತ ಸಾಮೂಹಿಕ ವಿವಾಹದ ಮಾಹಿತಿಯನ್ನು ಶುಲ್ಕವಿಲ್ಲದೆ ಕೊಡುವುದು ಸಂಸ್ಥೆಯ ಮರ್ಯಾದೆಯನ್ನು ಹೆಚ್ಚಿಸೀತೇ ಹೊರತು ವ್ಯಾಪಾರವನ್ನು ಕುಗ್ಗಿಸಲಾರದು.

ಕೊನೆಯದಾಗಿ ಯುವ ಉದ್ಯಮಿಗಳಲ್ಲಿ ಒಂದು ವಿನಂತಿ. ತಾವು ಫಲಕ ಬರೆಸುವ ಮೊದಲು ಶುಲ್ಕಪಟ್ಟಿಯನ್ನು ಬರೆಯಬೇಕು. ಅದರಲ್ಲಿ ಕೇಳುವ ಮುನ್ನ ಯುವತಿಯ ಜೊತೆ, ಆಕೆಯ ಮನೆಯವರು ಹತ್ತಿರವಿಲ್ಲದ ಜಾಗದಲ್ಲಿ, ಸಂಸ್ಥೆಯ ಮಹಿಳಾ ಸದಸ್ಯೆಯೊಬ್ಬರು ಒಂದು ಸಲವಾದರೂ ಮಾತಾಡುವುದು ಕಡ್ಡಾಯವೆಂದೂ, ಆಕೆ ಅಲ್ಲಿ ಹೇಳಿದ್ದನ್ನು ಆಕೆಯ ಇಚ್ಛೆಯಿಲ್ಲದೆ ಯಾರಿಗೂ ತಿಳಿಸಲಾಗದೆಂದೂ, ಉತ್ತರ ಬೇಡವೆಂದಾದರೂ ಬೇಕೆಂದಾದರೂ ಶುಲ್ಕ ಒಂದೇ ಎಂದೂ ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ ಅಚ್ಚುಹಾಕಿಸಿ, ಕಚೇರಿಗೆ ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಈ ಮೂರು ಸಾಲುಗಳಿಗೆ ಒಪ್ಪದ ಗಿರಾಕಿ ಎಷ್ಟೇ ಹಣ ಕೊಟ್ಟರೂ ಅವರ ಕೆಲಸವನ್ನು ಹಿಡಿಯಬಾರದು.